ವೇದಿಕೆಗೆ ಏಳು ಕುರ್ಚಿ

ಮಗಳ ಟಿ.ಸಿ.ಗಾಗಿ ಕಾಲೇಜು ಕಚೇರಿಯ ಮುಂದೆ ಕುರ್ಚಿಯಲ್ಲಿ ಕೂತು ಬೇಸತ್ತಿದ್ದ ಅಪ್ಪನ ಕಿವಿಗೆ ಈ ಮಾತು ಬಿತ್ತು. ವಯಸ್ಸಾದ ಜವಾನ ಮುಂದಿನ ವಾರದ ಕಾರ್ಯಕ್ರಮಗಳ ಪಟ್ಟಿಯನ್ನು ಫಲಕಕ್ಕೆ ಅಂಟಿಸುತ್ತಿದ್ದ. ಕಸ ಗುಡಿಸುವವಳು ಪೊರಕೆ ಊರಿಕೊಂಡು ನಿಂತಿದ್ದಳು.

“ಏನೇನಿದೆ ಅಣ್ಣ, ಓದಿ ಹೇಳು.”

“ಸೋಮವಾರ ಆಟೋಟ. ಬುಧವಾರ ನಾಟಕ. ಶುಕ್ರವಾರ ವಾರ್ಷಿಕೋತ್ಸವ, ಅದರಲ್ಲೇ ನನ್ನ ಬೀಳ್ಕೊಡುಗೆ. ಐದು ನಿಮಿಷ.”

“ಮೂವತ್ತು ವರ್ಷ ಗಾಣದೆತ್ತಿನ ಹಾಗೆ ದುಡಿದೋನಿಗೆ ಐದು ನಿಮಿಷ. ಬಹಳ ದೊಡ್ಡ ಮನಸ್ಸು ಇವರದ್ದು.”

“ಪ್ರಿನ್ಸಿಪಾಲರು ನನ್ನ ಬಗ್ಗೆ ಮಾತಾಡ್ತಾರಂತೆ. ನಿನ್ನೆ ಕರೆದು ನನ್ನ ಪೂರ್ತಿ ಹೆಸರೇನು ಅಂತ ಕೇಳಿದ್ರು.”

“ವೇದಿಕೆ ಮೇಲೆ ಎಷ್ಟು ಕುರ್ಚಿ?”

“ಏಳು. ಅತಿಥಿಗಳು, ಅಧ್ಯಕ್ಷರು, ಅವರು, ಇವರು.”

“ನಿನ್ನದು?”

“ಪಕ್ಕದಲ್ಲಿ ನಿಂತಿರು, ಕರೆದಾಗ ಬಾ ಅಂದಿದ್ದಾರೆ.”

“ಕುರ್ಚಿ ಜೋಡಿಸೋನು ನೀನೇ ಅಲ್ವಾ. ಎಂಟನೇದೂ ಹಾಕು.”

“ನನ್ನ ಕುರ್ಚಿ ನಾನೇ ಹಾಕ್ಕೊಂಡ್ರೆ ಅದು ಮರ್ಯಾದೆ ಆಗುತ್ತೇನಮ್ಮ?”

“ಹಾಗಾದ್ರೆ ನಾನು ಹಾಕ್ತೀನಿ.”

“ನಿನ್ನ ಕೆಲಸ ಹೋಗುತ್ತೆ. ಸುಮ್ಮನಿರು.”

ಜವಾನ ಅಂಟಿನ ಡಬ್ಬಿ ಮುಚ್ಚಿ ಅಪ್ಪನ ಕಡೆ ತಿರುಗಿದ.

“ಸ್ವಾಮಿ, ಸ್ವಲ್ಪ ಏಳ್ತೀರಾ? ವೇದಿಕೆಗೆ ಕುರ್ಚಿ ಇವತ್ತೇ ತೆಗೆದಿಡಬೇಕಂತೆ, ಆರು ಸಿಕ್ಕಿದೆ. ಇದು ಏಳನೇದು.”

ಅಪ್ಪ ಎದ್ದ. ಜವಾನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಸಭಾಂಗಣದ ಕಡೆ ನಡೆದ. ಅವಳು ಅವನ ಮುಂದೆ ಮುಂದೆ ದಾರಿ ಗುಡಿಸುತ್ತಾ ಹೋದಳು.