ರಸ್ತೆ ಆಚೆಯ ಹಳದಿ ಛತ್ರಿ

...ಇಲ್ಲ ಕಣೋ, ಒಳಗೆ ಬರಲ್ಲ. ಇಲ್ಲೇ ಹೊಸ್ತಿಲ ಮೇಲೆ ಕೂತ್ಕೋತೀನಿ, ಮೊಣಕಾಲು ಹಿಡ್ಕೊಂಡುಬಿಟ್ಟಿದೆ. ನೀನು ಮೊದಲು ಕಣ್ಣಿಗೆ ಸಿಕ್ಕಿಸ್ಕೊಂಡಿರೋ ಆ ಗ್ಲಾಸು ತೆಗಿ. ಅದರಲ್ಲಿ ನೋಡಿದ್ರೆ ನಿನ್ನ ಅಕ್ಕನ ಮುಖದಲ್ಲಿ ಗಡಿಯಾರದ ಮುಳ್ಳು, ಸ್ಪ್ರಿಂಗು ಏನೂ ಕಾಣಲ್ಲ. ಹಾಂ. ಆ ಗಡಿಯಾರನೂ ಕೆಳಗಿಡು. ಅದರ ಯಜಮಾನ ರಿಪೇರಿಗೆ ಕೊಟ್ಟಿದ್ದನ್ನೇ ಮರೆತಿದ್ದಾನೆ. ಇವತ್ತೇ ಓಡಿ ಬರ್ತಾನಾ?

ಹೇಳಿದ್ನಲ್ಲ, ನಾವಿಬ್ಬರೂ ಆಸ್ಪತ್ರೆಗೆ ಹೋಗ್ಬೇಕು. ಅಮ್ಮನ್ನ ಮನೆಗೆ ಕಳಿಸ್ತಾರಂತೆ. ಮಕ್ಕಳಿಬ್ಬರೂ ಬಂದು ಸಹಿ ಹಾಕ್ಬೇಕಂತೆ, ಒಬ್ಬರದಾದ್ರೆ ಸಾಲಲ್ವಂತೆ... ಅದೇನೋ ಹೊಸ ನಿಯಮ. ನಂಗೇನು ಗೊತ್ತು, ನಾನು ಬಟ್ಟೆ ಹೊಲಿಯೋಳು.

ಯಾಕೆ ಹಂಗೆ ನನ್ನ ಕೈ ನೋಡ್ತಿದ್ದೀಯ? ಛತ್ರೀನಾ? ಮೋಡ ಆಗಿತ್ತು, ಹಿಡ್ಕೊಂಡು ಬಂದೆ.

...ಹೌದು, ಈಗ ಬಿಸಿಲಿದೆ. ಆಗ ಮೋಡ ಇತ್ತು.

ಅದಿರಲಿ, ಮನೆ ಒಳಗೆ ಚಪ್ಪಲಿ ಹಾಕ್ಕೊಂಡು ಕೂತಿದ್ದೀಯಲ್ಲ, ಅಮ್ಮ ನೋಡಿದ್ರೆ ಅದೇ ಚಪ್ಪಲೀಲಿ... ಸರಿ ಬಿಡು. ಹೊರಡೋಕೆ ತಯಾರಾಗಿದ್ದೀಯ ಅಂದ್ಕೋತೀನಿ. ಒಳ್ಳೇದೇ ಆಯ್ತು.

ಹೆದರ್ಕೋಬೇಡ. ಆವತ್ತು ಬಸ್ಸಲ್ಲಿ ಎದೆ ಹಿಡ್ಕೊಂಡು ಬಿದ್ದೆಯಲ್ಲ, ಎದೆ ಸರಿಯಾಗಿದೆ, ಭಯ ಅಷ್ಟೆ ಅಂದ್ರು ಡಾಕ್ಟ್ರು. ಅಷ್ಟೆ ಅಂತೆ! ಆ ಅಷ್ಟೆಗೇ ನಿನ್ನ ಕೆಲಸ ಹೋಯ್ತು, ಸ್ನೇಹಿತರು ಹೋದ್ರು, ಮದುವೆಗೆ ಮಾತಾಡಿ ಮುಗಿಸಿದ್ದ ಹುಡುಗಿ ಹೋದ್ಲು. ಈ ಹೊಸ್ತಿಲು ನಿಂಗೆ ಸಮುದ್ರ ಆಗೋಯ್ತು. ಆಮೇಲೆ ಅವರೇ ದಾರಿ ಹೇಳಿದ್ದು, ನೆನಪಿದ್ಯಾ? ಸ್ವಲ್ಪ ಸ್ವಲ್ಪವೇ ದೂರ ಹೋಗ್ಬೇಕು. ಭಯ ಏರಿದಾಗ ಓಡಿ ಬರಬಾರದು, ಅದು ತಾನಾಗಿ ಇಳಿಯೋ ತನಕ ಅಲ್ಲೇ ನಿಲ್ಲಬೇಕು. ಅಮ್ಮ ಏನಂದ್ಲು ಆಗ? "ಅದಕ್ಕೂ ಕಾಲು ನೋಯುತ್ತೆ ಬಿಡು, ಎಷ್ಟು ಹೊತ್ತು ನಿಂತಿರುತ್ತೆ."

ಆದ್ರೆ ಅಮ್ಮ ನಿನ್ನ ಕೈ ಹಿಡ್ಕೊಂಡು ಹೋಗಲಿಲ್ಲ ನೋಡು. ತಾನು ಮೊದಲೇ ಹೋಗಿ, ಈ ಹಳದಿ ಛತ್ರಿ ಬಿಚ್ಕೊಂಡು ನಿಂತ್ಕೊಂಡುಬಿಡ್ತಿದ್ಲು. ಮೊದಲು ಗೇಟು. ಆಮೇಲೆ ಲೈಟ್ ಕಂಬ. ಬಿಸಿಲಿರಲಿ, ಏನಿರಲಿ, ನೀನು ಹೋಗಿ ಪಕ್ಕ ನಿಲ್ಲೋ ತನಕ ಛತ್ರಿ ಮಡಚ್ತಿರಲಿಲ್ಲ. ಬೀದಿಯವರೆಲ್ಲ ಅಮ್ಮನಿಗೇ ಏನೋ ಆಗಿದೆ ಅಂದ್ಕೊಂಡಿದ್ರು. ನನ್ನ ಅಂಗಡಿಗೆ ಬಂದು ಕೇಳೋರು, "ನಿಮ್ಮಮ್ಮ ಯಾರಿಗೆ ಕಾಯ್ತಿದ್ದಾರೆ, ಬಸ್ಸು ಆ ಕಡೆ ಅಲ್ವಾ" ಅಂತ.

ನಗು, ನಗು. ಇನ್ಶೂರೆನ್ಸ್ ಹೆಂಗಸಿನ ಕಥೆ ತಾನೇ? ಅವಳದೂ ಹಳದಿ ಛತ್ರಿ. ನೀನು ತಲೆ ತಗ್ಗಿಸ್ಕೊಂಡು ಹೋಗಿ ಅವಳ ಪಕ್ಕ ನಿಂತೆ. ಹಿಂಗೆ ತಾನಾಗಿ ಬಂದು ನಿಂತ ಗಿರಾಕಿ ಅವಳಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ. ಅಮ್ಮ ಹುಡುಕ್ಕೊಂಡು ಬರೋ ಹೊತ್ತಿಗೆ ಅರ್ಧ ಫಾರಂ ತುಂಬಿಸಿದ್ಲು. ನಿಮ್ಮ ನಂತರ ದುಡ್ಡು ಯಾರಿಗೆ ಸೇರಬೇಕು ಅಂತ ಕೇಳಿದ್ರೆ, "ಛತ್ರಿ ಹಿಡ್ಕೊಂಡಿರೋರಿಗೆ" ಅಂದಿದ್ದೆಯಂತೆ. ಆಮೇಲೆ ತಾನೇ ನಾನು ಇದಕ್ಕೆ ಈ ಕೆಂಪು ತೇಪೆ ಹಾಕಿಕೊಟ್ಟಿದ್ದು, ಗುರುತಿಗೆ.

...ಹೂಂ, ಅದೇ ಛತ್ರಿ ಇದು. ನಾನೇನು ಅಲ್ಲ ಅಂದ್ನಾ.

ಏಳು, ಹೋಗೋಣ. ನಾನೇನು ಮಾವನ ಥರ ಮಾಡಲ್ಲ. ಮೂಲೆವರೆಗೆ ಅಷ್ಟೆ ಅಂತ ಸುಳ್ಳು ಹೇಳಿ ಕಾರಲ್ಲಿ ಕೂರಿಸ್ಕೊಂಡು ಮದುವೆಗೇ ಕರ್ಕೊಂಡು ಹೋದ, ಮಹಾರಾಯ. ನೀನು ಮದುಮಗನ ಅಪ್ಪನ ಕೋಟು ತುಂಬ ವಾಂತಿ ಮಾಡಿದೆ. ಗೇಟಿಂದ ಮತ್ತೆ ಶುರು ಮಾಡ್ಬೇಕಾಯ್ತು. ಆವತ್ತು ಅಮ್ಮನ ಕೋಪ ನೋಡ್ಬೇಕಿತ್ತು. "ಕಷ್ಟ ಅಂತ ಹೇಳಿ, ದೂರ ಅಂತ ಹೇಳಿ, ಸುಳ್ಳು ಮಾತ್ರ ಹೇಳ್ಬೇಡಿ ಇವನಿಗೆ. ಸುಳ್ಳು ಹೇಳಿದವರು ಈ ಮನೆ ಮೆಟ್ಟಿಲು ಹತ್ತಬೇಡಿ" ಅಂದ್ಲು. ಅಣ್ಣ ಅಂತಾನೂ ನೋಡಲಿಲ್ಲ.

ಅದಕ್ಕೆ... ಅದಕ್ಕೇ ಒಳಗೆ ಬರ್ತಿಲ್ಲ ಅಂತಲ್ಲ. ಮೊಣಕಾಲು ಅಂದ್ನಲ್ಲ.

ಎಷ್ಟು ದೂರ ಇದೆ ಹೇಳು? ಕಂಬ ಆಯ್ತು, ನನ್ನ ಅಂಗಡಿ ಆಯ್ತು, ಬಸ್ ಸ್ಟಾಪೂ ಆಯ್ತು. ಅಲ್ಲಿಂದ ರಸ್ತೆ ದಾಟಿದ್ರೆ ಆಸ್ಪತ್ರೆ. ಅಮ್ಮ ಅಲ್ಲಿ ಮಲಗಿದ ಮೇಲೂ ಬಿಟ್ಲಾ? ಛತ್ರಿ ಬಿಚ್ಚಿ ಕಿಟಕಿ ಸರಳಿಗೆ ಕಟ್ಟಿಸಿದ್ಲು, ಬಸ್ ಸ್ಟಾಪಿಂದ ನಿಂಗೆ ಕಾಣ್ಲಿ ಅಂತ. ನರ್ಸು ಬೈದ್ರೆ, "ಮಳೆಗಲ್ಲಮ್ಮ, ಮಗನಿಗೆ" ಅಂದ್ಲು. ಮೊನ್ನೆ ನೀನು ಸ್ಟಾಪಲ್ಲಿ ಬಂದು ನಿಂತೆಯಲ್ಲ, ದಿಂಬು ಎತ್ತರಿಸು ಅಂತ ನನ್ನ ಕೈಲಿ ಎತ್ತಿಸ್ಕೊಂಡು ನೋಡಿದ್ಲು. "ದಾಟ್ತಾನೆ ಬಿಡು. ಅವನು ದಾಟೋ ತನಕ ಮಾತ್ರ ಅದನ್ನ ತೆಗಿಬೇಡ" ಅಂದ್ಲು.

...

ಮೋಡ ಇತ್ತು ಅಂದ್ನಲ್ಲೋ.

ಸರಿ, ಮೋಡ ಇರಲಿಲ್ಲ. ರೂಮು ಖಾಲಿ ಮಾಡಿ ಅಂದ್ರು, ಸಾಮಾನು ತಗೊಳ್ಳೋವಾಗ ಇದೂ ಕೈಗೆ ಬಂತು. ಬೇರೆ ರೂಮಿಗೆ ಹಾಕಿದ್ದಾರೆ ಅಮ್ಮನ್ನ. ಆ ರೂಮಿಗೆ ಕಿಟಕಿ ಇಲ್ಲ, ಅದಕ್ಕೆ... ಯಾಕೆ ತಲೆ ತಗ್ಗಿಸ್ತೀಯ? ಏನಾದ್ರೂ ಕೇಳೋ. ಇಷ್ಟೊತ್ತಿಂದ ಒಬ್ಬಳೇ ಮಾತಾಡ್ತಿದ್ದೀನಿ, ನೀನು ಒಂದು ಸಲಾನೂ ಅಮ್ಮ ಹೇಗಿದ್ದಾಳೆ ಅಂತ ಕೇಳಲಿಲ್ಲ.

ಕೇಳಲೇ ಇಲ್ಲ ನೀನು.

ಆ ಕಾಲು ಈ ಕಡೆ ಚಾಚು. ಚಪ್ಪಲಿ ತುಂಬ ಮಣ್ಣು. ಕೆಂಪು ಮಣ್ಣು... ಬಸ್ ಸ್ಟಾಪಲ್ಲಿ ನೆನ್ನೆ ಸಂಜೆ ಅಗೆದು ಹಾಕಿದ್ದಾರಲ್ಲ, ಅದೇ. ನನ್ನ ಚಪ್ಪಲಿಗೂ ಅಂಟಿದೆ ನೋಡು.

ಬೆಳಿಗ್ಗೆ ಹೋಗಿದ್ದೆಯಾ? ಒಬ್ಬನೇ? ಮುಂದೆ ಯಾರೂ ನಿಂತಿರದೇನೇ?

ರಸ್ತೆ ದಾಟೋಣ ಅಂತ ಹೋಗಿದ್ದೆ ನೀನು. ಅಯ್ಯೋ ನನ್ನ ಕಂದ, ದಾಟೋಣ ಅಂತಾನೇ ಹೋಗಿದ್ದೆ. ತಲೆ ಎತ್ತಿ ನೋಡಿದ್ರೆ ಕಿಟಕೀಲಿ ಛತ್ರಿ ಇಲ್ಲ.

ನಾನೇ ಬಿಚ್ಚಿದ್ದು ಕಣೋ. ಈ ಕೈಯಲ್ಲೇ. ನರ್ಸು ಬ್ಯಾಗು ಹಿಡ್ಕೊಂಡು ನಿಂತಿದ್ಲು, ನಾನು ಗಂಟು ಬಿಚ್ತಾ ಇದ್ದೆ... ಆಗಲೇ ನೀನು ಕೆಳಗೆ ನಿಂತಿದ್ದೆಯೋ ಏನೋ. ನಾನು ಕೆಳಗೆ ನೋಡಲಿಲ್ಲ.

ಬೆಳಗಾಗೋ ಹೊತ್ತಿಗೆ ಅಮ್ಮ ಹೋದ್ಲು. ನಿದ್ದೇಲೇ. ಮಲಗೋ ಮುಂಚೆ, ಗಾಳಿಗೆ ಛತ್ರಿ ತಿರುಗಿಕೊಂಡಿದೆಯಾ ನೋಡು ಅಂದಿದ್ಲು. ಇಲ್ಲಮ್ಮ, ಸರಿಯಾಗಿದೆ ಅಂದೆ.

ಸಹಿ ಗಿಹಿ ಏನಿಲ್ಲ. ನಂಗೆ ಆ ರೂಮಿಗೆ ಒಬ್ಬಳೇ ವಾಪಸ್ ಹೋಗೋಕೆ ಆಗ್ತಿಲ್ಲ. ಆಸ್ಪತ್ರೆ ಗೇಟಿನ ತನಕ ಹೋಗ್ತೀನಿ, ತಿರುಗ್ತೀನಿ. ನಿನ್ನ ಕರ್ಕೊಂಡು ಹೋಗೋಕೆ ಬಂದೆ ಅಂತ ನಂಗೆ ನಾನೇ ಹೇಳ್ಕೊಂಡು ಬಂದೆ...

ಏನು, ಛತ್ರಿ ಬೇಕಾ? ತಗೋ. ನಿಂಗೇ ಸೇರಬೇಕು ಅದು.

ಎಲ್ಲಿಗೆ ಹೊರಟೆ? ಇರೋ, ನಾನೂ ಏಳ್ತೀನಿ... ಕಂಬದ ಹತ್ರ ಯಾಕೆ ನಿಂತೆ? ಯಾಕೋ ಬಿಚ್ತೀಯ ಅದನ್ನ, ಬಿಸಿಲಲ್ಲಿ? ಜನ ನೋಡ್ತಿದ್ದಾರೆ ಕಣೋ.

ಬರ್ತೀನಿ. ಕಾಲು ಬರ್ತಿಲ್ಲ ನಂಗೆ, ಒಂದು ಸ್ವಲ್ಪ ಹೊತ್ತು... ಅಲ್ಲೇ ಇರು. ಛತ್ರಿ ಮಡಚ್ಬೇಡ.