ಗೇರೆಣ್ಣೆ ಹಚ್ಚಿದ ಹಲಗೆಗಳು

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಮಗಳು ಕೂತಿದ್ದರು. ಇಬ್ಬರ ಮಧ್ಯೆ ಒಂದು ಗೋಣಿಚೀಲ. ಅದರೊಳಗಿನ ತೆಂಗಿನ ನಾರಿನ ಹಲಗೆಗಳು ಎಣ್ಣೆಯಲ್ಲಿ ಮಿರುಗುತ್ತಿದ್ದವು.

"ಅಮ್ಮ, ಅದ್ ವರ್ಷ ಪೂರ್ತಿ ಹೊಳೆ ಉಪ್ಪುನೀರೊಳ್ಗೆ ಇರ್ಕಿತ್ತ್. ಎಂತಕ್ ತೆಗ್ದೆ?"

"ಪಾಚಿ ಕಟ್ಟಿತ್ತಲೆ ನಿಖಿತಾ. ತೊಳ್ದ್, ಒಣಗ್ಸಿ, ದೋಣಿಗೆ ಹಚ್ಚು ಗೇರೆಣ್ಣೆ ಹಚ್ದೆ."

"ಇಂಜಿನಿಯರಿಂಗ್ ಕಾಲೇಜಂಗೆ ಇವತ್ತ್ ಸರ್ ಈ ಹಲ್ಗೆ ಕಾಣ್ಕ್ ಅಂದಿರ್. ನನ್ ಪಿಎಚ್‌ಡಿಯೇ ಇದ್ರ್ ಮೇಲಿತ್ತ್."

"ಮತ್ತೆ ನೀರಿಗ್ ಹಾಕುವ."

"ಆತಿಲ್ಲೆ. ಸುರುವಿಂದ್ಲೇ ಮಾಡ್ಕ್. ಅಷ್ಟ್ ಸಮಯ ಯಾರೂ ಕೊಡ್ತಿಲ್ಲೆ."

ತಾಯಿ ಒಂದು ಹಲಗೆಯನ್ನು ಸೆರಗಿನಿಂದ ಒರೆಸಿದಳು.

"ಸರ್ ಹತ್ರ ನಾ ಹೇಳ್ತೆ. ಇನ್ನೆಷ್ಟ್ ವರ್ಷ ನೀರಂಗಿದ್ರೂ ಇದಕ್ಕೆ ಎಂತದೂ ಆತಿಲ್ಲೆ."

"ಎಂತ ಆತ್ತ್ ಅಂದ್ ಕಾಂಬುಕೇ ನಾ ನೀರಿಗ್ ಹಾಕಿದ್ದ್, ಅಮ್ಮ."

ಬಸ್ಸು ಬಂತು. ತಾಯಿ ಚೀಲವನ್ನು ತಲೆಗೇರಿಸಿಕೊಂಡು ಮುಂದೆ ಹೋದಳು. ಮಗಳು ಬರಿಗೈಯಲ್ಲಿ ಹಿಂದೆ ನಡೆದಳು.