ಮೇದಪ್ಪಜ್ಜನ ಡಬ್ಬಿಯ ರೆಸಿಸ್ಟರ್

ಮಗಳು ಚಿನ್ಮಯೀಯನ್ನು ಶಾಲೆಯಿಂದ ಕರೆತರುವಾಗ ಹಾಗೆಯೇ ಕುಂಬ್ರದಲ್ಲಿ ಇಳಿದು, ಹಾಳಾದ ರೇಡಿಯೋ ಕೊಟ್ಟು ಹೋದರಾಯಿತು ಎಂದುಕೊಂಡಿದ್ದೆ. ನಾವು ಮೇದಪ್ಪಜ್ಜನ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಮರುಗಳಿಗೆಯಲ್ಲಿ ಕರೆಂಟೂ ಹೋಯಿತು. ನಮ್ಮನ್ನು ಕರೆತಂದ ಆಟೋದ ಸಮದ್ ಒಳಗೆ ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕುಳಿತ. ನಾಲ್ಕು ಗಂಟೆಗೇ ಒಳಗೆಲ್ಲ ಮಬ್ಬು. ಗೋಡೆಯುದ್ದಕ್ಕೂ ಸದ್ದಿಲ್ಲದ ಹಳೆಯ ರೇಡಿಯೋಗಳು.

ಮೇದಪ್ಪಜ್ಜ ಸುಳ್ಯದ ಕಡೆಯವರು, ಐವತ್ತು ವರ್ಷದಿಂದ ಇಲ್ಲಿ ರಿಪೇರಿ ಮಾಡುತ್ತಾರೆ. ಮಾತು ಕಡಿಮೆ. ಅವರು ನಮ್ಮ ರೇಡಿಯೋದ ಹಿಂಬದಿ ಬಿಚ್ಚಿ, ಟಾರ್ಚು ಹಾಕಿ, ಎರಡು ವರ್ಷದ ಹಿಂದೆ ತಾವೇ ಒಳಗೆ ಅಂಟಿಸಿದ್ದ ಚೀಟಿಯ ತಾರೀಕು ಓದಿದರು. ಟಾರ್ಚು ಆರಿಸಿಬಿಟ್ಟರು.

“ಇದು ನಿಂತದ್ದು ಯಾವತ್ತು ಅಕ್ಕಾ?”

“ಸೋಮವಾರ.”

“ಸೋಮವಾರ...” ಎಂದು ರೇಡಿಯೋದಿಂದ ಕೈ ಹಿಂದಕ್ಕೆ ತೆಗೆದರು.

“ಎಂತ ಅಜ್ಜ, ದೆವ್ವ ಕಂಡ ಹಾಗೆ ಮಾಡ್ತೀರಿ?” ಸಮದ್ ನಕ್ಕ.

“ಕಾಣುದಿಲ್ಲ ಮಾರಾಯ... ಕೇಳುದು. ಕರೆಂಟು ಬರುವವರೆಗೆ ಕೂತುಕೊಳ್ಳಿ, ಹೇಳ್ತೇನೆ. ಇನ್ನು ಹೇಳದೆ ಇರ್ಲಿಕ್ಕೆ ಆಗುದಿಲ್ಲ.

“ಬೆಟ್ಟಂಪಾಡಿ ರಸ್ತೆಯಲ್ಲಿ ನಶೀದಾ ಅಂತ ಒಬ್ಬರಿದ್ದಾರೆ, ನಮ್ಮ ಸಮದ್‌ನ ಹಾಗೆ ಬ್ಯಾರಿಗಳು. ಗಂಡ ನೌಷಾದ್ ಮದುವೆಯಾದ ವರ್ಷವೇ ಗಲ್ಫಿಗೆ ಹೋದವ. ಆಗ ಫೋನೆಲ್ಲಿತ್ತು? ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುದು, ಕಾಗದದ ಬದಲಿಗೆ. ಅವನು ಒಂದು ಟೇಪ್‌ರೆಕಾರ್ಡರ್ ಕಳಿಸಿದ, ಒಂದು ಕ್ಯಾಸೆಟ್ ಕಳಿಸಿದ... ಅದು ಇಲ್ಲಿ ಮುಟ್ಟುವಷ್ಟರಲ್ಲಿ ಅಲ್ಲಿ ಕೆಲಸದ ಜಾಗದಲ್ಲಿ ಮೇಲಿಂದ ಬಿದ್ದು ತೀರಿಹೋದ. ಇಪ್ಪತ್ತೇಳು ವರ್ಷ ಪ್ರಾಯ. ಮಣ್ಣು ಮಾಡಿದ್ದೂ ಅಲ್ಲಿಯೇ. ಇವರು ಮತ್ತೆ ಮದುವೆಯಾಗಲಿಲ್ಲ, ಬೀಡಿ ಕಟ್ಟಿಕೊಂಡು ಬದುಕಿದರು, ದಿನಾ ಮಧ್ಯಾಹ್ನ ಒಂದೇ ಬಟ್ಟಲಿಗೆ ಅನ್ನ ಬಡಿಸಿ, ಆ ಟೇಪ್ ಹಾಕಿಕೊಂಡು ಕೂರುದು. ಮೂವತ್ತು ವರ್ಷ! ಉಂಡೆಯಾ ಅಂತ ಕೇಳುವವರಿಲ್ಲದೆ ಉಣ್ಣುದು ಹೇಗಿರ್ತದೆ, ಗೊತ್ತುಂಟಾ ನಿಮಗೆ?

“ನಾಲ್ಕು ವರ್ಷದ ಹಿಂದೆ ಅದು ಕೆಟ್ಟಿತು. ಮೋಟರಿಗೆ ಕರೆಂಟು ಅಳೆದು ಬಿಡುವ ರೆಸಿಸ್ಟರ್ ಸುಟ್ಟಿತ್ತು. ಅಕ್ಕಿಕಾಳಿಗಿಂತ ಚೂರು ದೊಡ್ಡದು ಅಷ್ಟೇ, ಮೈಮೇಲಿನ ಬಣ್ಣದ ಗೆರೆ ನೋಡಿ ಎಷ್ಟರದ್ದು ಅಂತ ತಿಳಿಯುದು. ಗೆರೆಯೆಲ್ಲ ಕರಿ ಆಗಿತ್ತು. ಅಂದಾಜಿಗೆ ಬಿಡಿಸಾಮಾನಿನ ಡಬ್ಬಿಯಿಂದ ಒಂದು ತೆಗೆದು ಹಾಕಿದೆ. ಸ್ವಲ್ಪ ಹೆಚ್ಚಿನದ್ದಾಯ್ತು... ಮೋಟರು ನಿಧಾನ, ಸ್ವರ ದಪ್ಪ. ಇಪ್ಪತ್ತೇಳರ ಹುಡುಗ ಅರುವತ್ತರ ಗಂಡಸಿನ ಹಾಗೆ ಮಾತಾಡಿದ! ತೆಗೀತೇನೆ ಅಂದರೆ ನಶೀದಾ ನನ್ನ ಕೈ ತಡೆದರು. ‘ಬೇಡ ಮೇದಪ್ಪಣ್ಣ. ನನಗೊಬ್ಬಳಿಗೇ ವಯಸ್ಸಾದದ್ದು ಅಂತ ಇದ್ದೆ. ಈಗ ಇವರಿಗೂ ಆಯ್ತು.’

“ಮತ್ತೊಂದು ದಿನ ಬಂದು ಮೆಲ್ಲ ಹೇಳಿದರು, ಕ್ಯಾಸೆಟ್ಟಿನ ಮಾತು ಮುಗಿದ ಮೇಲೆ ಖಾಲಿ ಓಡುವಲ್ಲಿ ಗಂಡ ‘ಊಟ ಆಯ್ತಾ’ ಅಂತ ಕೇಳ್ತಾರೆ ಅಂತ. ಪಾಪ, ಒಬ್ಬರೇ ಇದ್ದು ಇದ್ದು ಹೀಗಾಯ್ತು ಅಂತ ನಾನು ಗ್ರಹಿಸಿದೆ. ಆದರೆ ಮುಖ ಬೆಳಗಿತ್ತು ಮಾರಾಯ್ರೆ, ಮೈ ತುಂಬಿತ್ತು...

“ಎರಡು ವರ್ಷದ ಹಿಂದೆ ಟೇಪಿನ ಬೆಲ್ಟ್ ಸಡಿಲಾಗಿ ಇಲ್ಲಿಗೆ ಬಂತು. ನನ್ನ ತಪ್ಪು ಅಲ್ಲಿ. ಗುಜರಿಗೆ ಬಂದ ಅದೇ ಕಂಪೆನಿಯ ಸೆಟ್ಟಿನಲ್ಲಿ ಸರಿಯಾದ ರೆಸಿಸ್ಟರ್ ಸಿಕ್ಕಿತ್ತು. ನಾನು ಮಾಡಿದ ಕೆಲಸ ಅಂದಾಜಿನದ್ದು ಅಂತ ಮನಸ್ಸಲ್ಲಿ ಕುಟುಕ್ತಾ ಇತ್ತಲ್ಲ, ಅವರನ್ನು ಕೇಳದೆ ಬದಲಿಸಿಬಿಟ್ಟೆ. ಸುಟ್ಟ ಸಾಮಾನಾದರೆ ಕಾಗದದಲ್ಲಿ ಸುತ್ತಿ ಅವರವರಿಗೆ ಕೊಡುದು ನನ್ನ ಕ್ರಮ. ಇದು ಒಳ್ಳೆಯದಲ್ವಾ? ಡಬ್ಬಿಗೆ ಹಾಕಿದೆ.

“ನಶೀದಾ ಬಂದು ಇದೇ ಬೆಂಚಿನಲ್ಲಿ ಕೂತು ಕೇಳಿದರು. ಹುಡುಗನ ಸ್ವರ, ಚುರುಕು. ಮಾತು ಮುಗಿಯಿತು, ಟೇಪು ಖಾಲಿ ಓಡಿತು... ಆಗ ನಾನು, ನನ್ನ ಈ ಎರಡು ಕಿವಿಯಿಂದ ಕೇಳಿದೆ. ‘ನಶೀದಾ ಎಲ್ಲಿ? ಈ ಮುದುಕಿ ಯಾರು?’

“ಅವರು ‘ನಾನೇ, ನಾನೇ’ ಅಂತ ಟೇಪನ್ನು ತಬ್ಬಿಕೊಂಡರು. ಅವನು ಮತ್ತೂ ಅದನ್ನೇ ಕೇಳಿದ.

“ಡಬ್ಬಿ ಮಗುಚಿ ಒಂದೊಂದೇ ಹಾಕಿ ನೋಡಿದೆ. ನಲುವತ್ತರವ ಬಂದ, ಎಂಬತ್ತರವ ಬಂದ, ನಶೀದಾ ಅವರ ಗುರುತು ಇದ್ದವ ಬರಲಿಲ್ಲ. ಕೊನೆಗೆ ಹುಡುಗನ ಸ್ವರದ್ದನ್ನೇ ತಿರುಗಿ ಹಾಕಿ ಕೊಟ್ಟೆ, ಅವನು ದಿನಾ ಅದನ್ನೇ ಕೇಳ್ತಿದ್ದ. ಹಾಗಾದರೆ ಅದು ಆ ವಾರ ರಿಪೇರಿಗೆ ಬಂದ ಬೇರೆ ಯಾವುದೋ ಸೆಟ್ಟಿಗೆ ಹೋಗಿರಬೇಕಲ್ವಾ? ದೂರದ ಮಂಡೆಕೋಲು ಊರಿನವರೆಗೆ ಮನೆಮನೆಗೆ ಹೋಗಿ ಸೆಟ್ಟು ಬಿಚ್ಚಿ ನೋಡಿದೆ. ಒಂದು ಮಾತ್ರ ಯಾರದ್ದು ಅಂತ ನೆನಪಾಗಲಿಲ್ಲ...”

ಅವರು ನಮ್ಮ ರೇಡಿಯೋದ ಚೀಟಿಯ ಮೇಲೆ ಬೆರಳಿಟ್ಟರು.

“ನಿಮ್ಮಲ್ಲಿ ಇದು ಎಂತಾದರೂ ಕೇಳ್ತದಾ ಅಕ್ಕಾ?”

“ಇಲ್ಲಪ್ಪ,” ಎಂದೆ.

“ಕೇಳ್ತದೆ,” ಎಂದಳು ಚಿನ್ಮಯೀ. “ಅಮ್ಮ ಬಟ್ಟೆ ಒಣಗಿಸ್ಲಿಕ್ಕೆ ಹೋದಾಗ. ಊಟ ಆಯ್ತಾ ಅಂತ. ಸಮದ್ ಮಾಮ ಫೋನಲ್ಲಿ ಮನೆಯವರಿಗೆ ಕೇಳ್ತಾರಲ್ಲ, ಹಾಗೆಯೇ, ಆ ಭಾಷೆಯಲ್ಲಿ.”

ನಮ್ಮ ಮನೆಯಲ್ಲಿ ಬ್ಯಾರಿ ಭಾಷೆ ಆಡುವವರು ಯಾರೂ ಇಲ್ಲ. ಸಮದ್ ಸ್ಟೂಲಿನಿಂದ ಎದ್ದು ನಿಂತಿದ್ದ.

“ನೀನು ಎಂತ ಹೇಳಿದಿ ಮಗೂ?” ಎಂದರು ಮೇದಪ್ಪಜ್ಜ.

“ಆಯ್ತು, ನಿಮ್ಮದಾಯ್ತಾ ಅಂತ. ದಿನಾ ಹೇಳ್ತಿದ್ದೆ.”

ನಾನು ಅವಳನ್ನು ಮಡಿಲಿಗೆ ಎಳೆದುಕೊಂಡೆ. ಮೇದಪ್ಪಜ್ಜ ಕಟ್ಟರ್ ಎತ್ತಿಕೊಂಡು ರೇಡಿಯೋದೊಳಗೆ ಬಗ್ಗಿದರು. ಆದರೆ ಕೈ ಮುಂದೆ ಹೋಗಲಿಲ್ಲ.

“ಇದನ್ನು ನಶೀದಾ ಅವರಿಗೆ ಹಾಕಿಕೊಟ್ಟರೆ ಎಲ್ಲ ಸರಿಯಾಗ್ತದೆ ಅಂತ ಎರಡು ವರ್ಷ ಹುಡುಕಿದ್ದು... ಈಗ ಹೆದರಿಕೆ ಆಗ್ತದೆ ಅಕ್ಕಾ. ಸೋಮವಾರದಿಂದ ಅವರ ಟೇಪಿನಲ್ಲಿ ‘ಮುದುಕಿ ಯಾರು’ ಅನ್ನುದೇ ಇಲ್ಲ. ನಶೀದಾ ಅಂತ ಹೆಸರೂ ಇಲ್ಲ. ಇವತ್ತು ಬೆಳಿಗ್ಗೆಯೂ ಹೋಗಿ ಕೇಳಿ ಬಂದೆ. ಅವನು ಈಗ ಕೇಳುದು ಒಂದೇ... ‘ನನ್ನ ಜೊತೆ ಮಾತಾಡ್ತಿದ್ದ ಆ ಸಣ್ಣ ಮಗು ಎಲ್ಲಿ?’”